ಎಡಗಡೆ ನಿಂತವರು

ಡಾಕ್ಟರಮ್ಮ ನಗ್ತಾ ಹೇಳಿದಳಲ್ಲ, ಅದೇ ಅವನಿಗೆ ಹಿಡಿಸ್ಲಿಲ್ಲ. "ಇದು ಕ್ಯಾನ್ಸರ್ ಅಲ್ಲ. ಸಾಧು ಗಡ್ಡೆ. ಬೇರೆ ಕಡೆ ಹರಡೋದಿಲ್ಲ" ಅಂದಳು. ಸಾಧುವಾದ್ರೆ ನನ್ನ ತಲೆಯೊಳಗೆ ಅದಕ್ಕೇನು ಕೆಲಸ ಅಂತ ಅವನು ಕೇಳಿದ. ತಮಾಷೆಗೆ ಕೇಳಿದ್ದಲ್ಲ, ಜಗಳಕ್ಕೇ ಕೇಳಿದ್ದು. ಆದ್ರೆ ಬಲಗಡೆ ಕೂತಿದ್ದ ಹೆಂಡತಿ ಕಿಸಕ್ಕಂತ ನಕ್ಕುಬಿಟ್ಟಳು, ಡಾಕ್ಟರಮ್ಮನೂ ನಕ್ಕಳು, ಬಾಗಿಲ ಹತ್ರ ಫೈಲು ಹಿಡ್ಕೊಂಡು ನಿಂತಿದ್ದ ನರ್ಸು ತುಟಿ ಕಚ್ಕೊಂಡಳು. ತನ್ನ ತಲೆಬುರುಡೆಯ ಫೋಟೋ ಮುಂದೆ ಮೂರು ಹೆಂಗಸರು ಸೇರಿ ನಗ್ತಿದಾರೆ ಅನ್ನಿಸಿ ಮೈಯೆಲ್ಲ ಉರಿದುಹೋಯ್ತು. ಕಂಪ್ಯೂಟರ್ ಪರದೆ ಮೇಲೆ ಅವನ ತಲೆಯನ್ನ ಬದನೆಕಾಯಿ ಹೆಚ್ಚಿದ ಹಾಗೆ ಬಿಲ್ಲೆಬಿಲ್ಲೆ ಮಾಡಿ ಇಟ್ಟಿದ್ರು. ಒಂದು ಬಿಲ್ಲೆಯಲ್ಲಿ, ಕಿವಿಗೂ ಮೆದುಳಿಗೂ ನಡುವೆ, ಬೆಳ್ಳಗೆ ಒಂದು ಉಂಡೆ. ಡಾಕ್ಟರಮ್ಮ ಪೆನ್ನಿನ ತುದಿಯಲ್ಲಿ ಅದನ್ನ ತೋರಿಸ್ತಾ, ಎಡಗಿವಿಯಿಂದ ಮೆದುಳಿಗೆ ಹೋಗೋ ನರ ಇದು, ಒಂದು ಎಳೆ ಕೇಳೋದಕ್ಕೆ, ಇನ್ನೊಂದು ನೀವು ಬೀಳದೇ ನಿಂತ್ಕೊಳ್ಳೋದಕ್ಕೆ, ಆ ಎರಡನೇ ಎಳೆಯ ಮೇಲಿನ ಸಿಪ್ಪೆ ಸುಮ್ಮನೆ ದಪ್ಪ ಆಗ್ತಾ ಹೋಗಿದೆ, ಯಾಕೆ ಅಂತ ಕೇಳಬೇಡಿ, ವರ್ಷಗಟ್ಟಲೆ ಬೆಳೆದಿರತ್ತೆ, ಈಗ ಒಂದು ದೊಡ್ಡ ದ್ರಾಕ್ಷಿಯಷ್ಟಿದೆ ಅಂದಳು. "ಯಾವ ದ್ರಾಕ್ಷಿ?" ಅಂದ ಅವನು. "ಅಂದ್ರೆ?" "ಕಪ್ಪೋ ಹಸಿರೋ? ಬೀಜದ್ದೋ ಬೀಜ ಇಲ್ಲದ್ದೋ? ಒಂದೊಂದು ಒಂದೊಂದು ಸೈಜು ಇರತ್ತೆ." "ರೀ, ಸುಮ್ನಿರಿ" ಅಂದಳು ಹೆಂಡತಿ. ಡಾಕ್ಟರಮ್ಮನ ಕಡೆ ತಿರುಗಿ, "ಇವರು ಹಣ್ಣಿನ ಮಂಡೀಲಿ ಹರಾಜು ಕೂಗ್ತಾರೆ, ಅದಕ್ಕೆ" ಅಂತ ಅವನ ತಪ್ಪಿಗೆ ತಾನೇ ಕ್ಷಮೆ ಕೇಳೋಳ ಹಾಗೆ ಹೇಳಿದಳು. ಹಾಗೆ ಹೇಳಿದ್ದು ಅವನಿಗೆ ಗಡ್ಡೆಗಿಂತ ಜಾಸ್ತಿ ಚುಚ್ಚಿತು.

ಹೌದು, ಕೂಗ್ತಾನೆ. ಮಂಡಿಯಲ್ಲಿ ಅವನನ್ನ ಗಂಟಲಣ್ಣ ಅಂತಾರೆ. ಮೈಕಿಲ್ಲದೆ, ತಗಡಿನ ಸೂರಿನ ಕೆಳಗೆ, ಲಾರಿ ಹಾರ್ನು, ಹಮಾಲರ ಬೈಗುಳ, ಕ್ರೇಟು ಎಳೆಯೋ ಸದ್ದು ಎಲ್ಲದರ ಮೇಲೆ ಅವನ ದನಿ ಎದ್ದು ನಿಲ್ಲತ್ತೆ. ಕೂಗೋದು ಯಾರು ಬೇಕಾದ್ರೂ ಕೂಗಬಹುದು, ಆದ್ರೆ ಹರಾಜು ಕೂಗುವವನ ಕಸುಬು ಗಂಟಲಲ್ಲಿಲ್ಲ, ಕಿವಿಯಲ್ಲಿದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಸುತ್ತ ನಿಂತ ಜನ ಒಟ್ಟಿಗೇ ಸವಾಲು ಕೂಗ್ತಾರೆ, ಯಾರು ಎಷ್ಟಂದ್ರು ಅಂತ ಕಣ್ಣು ಹೋಗೋ ಮೊದಲೇ ಕಿವಿ ಹೋಗಿ ಹಿಡೀಬೇಕು. ಹಿಡೀತಿತ್ತು. ಯಾವಾಗಿಂದ ತಪ್ಪೋಕೆ ಶುರುವಾಯ್ತು ಅಂತ ಹೇಳೋದು ಹೇಗೆ? ಒಂದು ದಿನ ಫೋನು ಎಡಗಿವಿಗಿಟ್ರೆ ಸತ್ತುಹೋಗಿತ್ತು. ಫೋನಂಗಡಿಯವನು ಅದನ್ನ ತಗೊಂಡು ಹಲೋ ಹಲೋ ಅಂದು, "ಚೆನ್ನಾಗೇ ಇದೆಯಲ್ಲ ಅಣ್ಣಾ" ಅಂದ, ಮೂರು ಸಲ ಅಂದ, ಮೂರನೇ ಸಲ ಇವನು ಅವನ ಕೊರಳಪಟ್ಟಿ ಹಿಡಿದಿದ್ದ. ಆಮೇಲೆ ಫೋನು ತಾನಾಗೇ ಬಲಗಿವಿಗೆ ಬಂದು ಕೂತಿತು, ಸರಿಯಾಯ್ತು, ನೋಡಿದ್ಯಾ ಹೆದರಿಸಿದ್ರೆ ರಿಪೇರಿ ಆಗತ್ತೆ ಅಂತ ಅಂದ್ಕೊಂಡಿದ್ದ. ಕಿವಿಯಲ್ಲಿ ಸಣ್ಣಗೆ ಗುಂಯ್ ಅನ್ನೋದು ಮಂಡಿಯ ಫ್ಯಾನಿನ ಸದ್ದು ಅಂತ ಅಂದ್ಕೊಂಡಿದ್ದ. ಮೆಟ್ಟಿಲಿಳಿಯುವಾಗ ಮೈ ಎಡಕ್ಕೆ ವಾಲಿದ್ರೆ ಮೆಟ್ಟಿಲು ಕಟ್ಟಿದವನನ್ನ ಬೈದಿದ್ದ.

ಆ ಗಾಜಿನ ಡಬ್ಬದ ಹಾಗಿದ್ದ ರೂಮಿನಲ್ಲಿ ಮೊನ್ನೆ ಅವನನ್ನ ಕೂರಿಸಿದ್ರಲ್ಲ, ಕಿವಿಗೆ ದಪ್ಪ ಹೆಡ್‌ಫೋನು ಹಾಕಿ ಕೈಗೊಂದು ಬಟನ್ನು ಕೊಟ್ಟು, ಸದ್ದು ಕೇಳಿದಾಗ ಒತ್ತಿ ಅಂತ. ಗಾಜಿನಾಚೆ ಕೂತಿದ್ದ ಹುಡುಗಿ ತಲೆ ಬಗ್ಗಿಸಿ ಏನೋ ತಿರುಗಿಸ್ತಿದ್ದಳು. ಬಲಗಿವಿಗೆ ಪೀ ಪೀ ಬಂತು, ಒತ್ತಿದ. ಎಡಗಿವಿಗೆ ಏನೂ ಬರ್ಲಿಲ್ಲ. ಏನೂ ಬರದೇ ಇರುವಾಗ ಸುಮ್ಮನೆ ಕೂರೋದು ಅವನ ರಕ್ತದಲ್ಲೇ ಇಲ್ಲ. ಹರಾಜಿನಲ್ಲಿ ಯಾರೂ ಬಾಯಿ ಬಿಡದೇ ಇದ್ರೆ ಗೋಡೆ ಕಡೆ ನೋಡಿ, ಅಲ್ಲಿ ಯಾರೋ ಇದ್ದ ಹಾಗೆ, ನಾನೂರ ಹತ್ತು ಬಂತು ಅಂತ ತಾನೇ ಏರಿಸಿಬಿಡೋನು ಅವನು. ಹುಡುಗಿಯ ಭುಜ ಅಲುಗಿದ್ದು ನೋಡ್ಕೊಂಡು ಒತ್ತಿದ. ಮತ್ತೆ ಅಲುಗಿತು, ಮತ್ತೆ ಒತ್ತಿದ. ಸ್ವಲ್ಪ ಹೊತ್ತಾದ ಮೇಲೆ ಅವಳು ಬಾಗಿಲು ತೆಗೆದು ಒಳಗೆ ಬಂದು, "ಅಂಕಲ್, ನಾನೀಗ ಏನೂ ಕಳಿಸ್ತಿಲ್ಲ, ಕೂದಲು ಸರಿಮಾಡ್ಕೊಂಡೆ ಅಷ್ಟೆ. ಅಂದಾಜಿಗೆ ಒತ್ತಬೇಡಿ" ಅಂದು, ಕುರ್ಚಿಯನ್ನ ಗೋಡೆ ಕಡೆ ತಿರುಗಿಸಿ ಹೋದಳು. ಪಾಠ ಒಪ್ಪಿಸದ ಹುಡುಗನನ್ನ ಮೂಲೆಗೆ ನಿಲ್ಲಿಸಿದ ಹಾಗೆ. ಗೋಡೆಯ ಮೇಲೆ ಸಣ್ಣಸಣ್ಣ ತೂತಿನ ಹಲಗೆ. ಬಲಗಿವಿಯಲ್ಲಿ ಮರಳು ಸುರಿದ ಹಾಗೆ ಸುಯ್ಯಂತ ಸದ್ದು ಬಿಟ್ಟು, ಎಡಗಿವಿಯನ್ನ ಒಂಟಿ ಮಾಡಿ ಪರೀಕ್ಷೆ ಮಾಡಿದಳು. ಆಗ ಗೊತ್ತಾಯ್ತು. ಆ ಕಡೆ ಒಂದು ಮನೆ ಇತ್ತು, ಅದರಲ್ಲಿ ಈಗ ಯಾರೂ ಇಲ್ಲ.

"ಮೂರು ದಾರಿ ಇರತ್ತೆ" ಅಂತಿದ್ದಳು ಡಾಕ್ಟರಮ್ಮ. ಗಡ್ಡೆ ಸಣ್ಣದಿದ್ರೆ ಸುಮ್ಮನೆ ಬಿಟ್ಟು ಆಗಾಗ ಸ್ಕ್ಯಾನ್ ಮಾಡಿ ನೋಡ್ತಾ ಇರಬಹುದು, ಎಷ್ಟೋ ಜನಕ್ಕೆ ಅದು ಬೆಳೆಯೋದೇ ಇಲ್ಲ. ಇಲ್ಲಾಂದ್ರೆ ಕಿರಣ ಬಿಟ್ಟು ಬೆಳೆಯದ ಹಾಗೆ ಮಾಡಬಹುದು, ಕೊಯ್ಯೋದಿಲ್ಲ, ಆದ್ರೆ ಗಡ್ಡೆ ಅಲ್ಲೇ ಇರತ್ತೆ. "ನಿಮ್ಮದು ಮೆದುಳಿನ ಬುಡಕ್ಕೆ ತಾಗಿ ಒತ್ತೋಕೆ ಶುರು ಮಾಡಿದೆ. ನಡೆಯುವಾಗ ವಾಲ್ತೀರಿ. ಕೆನ್ನೆ ಜೋಮು ಹಿಡೀತಿದೆ ಅಂದ್ರಿ. ನಾನಾಗಿದ್ರೆ ತೆಗೆಸಿಬಿಡ್ತಿದ್ದೆ." ಕಿವಿ ಹಿಂದೆ ಕೊಯ್ದು, ಒಳಗಿವಿಯ ಮೂಲಕವೇ ದಾರಿ ಮಾಡ್ಕೊಂಡು ಹೋಗಿ ತೆಗೀತಾರಂತೆ. "ಆಮೇಲೆ ಕೇಳಿಸತ್ತಲ್ಲ?" ಅಂದ. "ಇಲ್ಲ. ಆ ಕಿವಿ ಆಗಲೇ ಹೋಗಿದೆ. ಯಾವ ದಾರೀಲಿ ಹೋದ್ರೂ ವಾಪಸ್ ಬರೋದಿಲ್ಲ." "ಅರ್ಧನಾದ್ರೂ?" "ಇಲ್ಲ." "ಕಾಲು?" ಹೆಂಡತಿ ಅವನ ಮೊಣಕೈ ಮುಟ್ಟಿದಳು. ಚೌಕಾಸಿ ಮಾಡ್ತಿದೀನಿ ಅಂತ ಅವನಿಗೇ ಆಗ ಗೊತ್ತಾಗಿದ್ದು. ಡಾಕ್ಟರಮ್ಮ ನಗ್ಲಿಲ್ಲ ಈ ಸಲ, ನಗದೇ ಇದ್ದದ್ದು ಇನ್ನೂ ಕೆಟ್ಟದಾಗಿತ್ತು. ಮುಖದ ನರ ಆ ಗಡ್ಡೆಗೆ ಅಂಟಿಕೊಂಡೇ ಹೋಗತ್ತೆ, ಅದನ್ನ ಉಳಿಸೋದಕ್ಕೆ ಏನೇನು ಮಾಡಬೇಕೋ ಎಲ್ಲ ಮಾಡ್ತೀವಿ, ಬೇಕಾದ್ರೆ ಗಡ್ಡೆಯ ಒಂದು ಚೂರು ಅಲ್ಲೇ ಬಿಡ್ತೀವಿ, ಆದ್ರೂ ಸ್ವಲ್ಪ ದಿನ ಬಾಯಿ ಒಂದು ಕಡೆಗೆ ಜಗ್ಗಬಹುದು, ಅಪರೂಪಕ್ಕೆ ಹಾಗೇ ಉಳೀಬಹುದು ಅಂದಳು. ಮೊದಮೊದಲು ತಲೆ ತಿರುಗತ್ತೆ, ಆಮೇಲೆ ಇನ್ನೊಂದು ಕಿವಿ ಎರಡರ ಕೆಲಸವನ್ನೂ ಕಲಿತುಕೊಳ್ಳತ್ತೆ. ಎಡಗಡೆಯ ಸದ್ದನ್ನ ಬಲಗಡೆಗೆ ದಾಟಿಸೋ ಮಷೀನಿದೆ, ಬೇಕಾದ್ರೆ ಹಾಕ್ಕೋಬಹುದು. "ಮುಂದಿನ ವಾರ ಅಡ್ಮಿಟ್ ಆಗಿ. ಅಲ್ಲೀವರೆಗೂ ಕೆಲಸದ ಜಾಗದಲ್ಲಿ ಹೇಳಿಬಿಡಿ, ಎಲ್ಲರೂ ಬಲಗಡೆ ನಿಂತು ಮಾತಾಡ್ಲಿ."

ಹೇಳಿಬಿಡಿ. ಎಷ್ಟು ಸಲೀಸು. ಮಂಡಿಯಲ್ಲಿ ಅವನ ಬಲಗಡೆ ಲಾರಿ ಬಾಗಿಲಿದೆ. ದೊಡ್ಡವರೆಲ್ಲ ಅಲ್ಲಿ ನಿಲ್ತಾರೆ, ಹೋಟೆಲಿಗೆ ಹಾಕುವವರು, ಜ್ಯೂಸ್ ಫ್ಯಾಕ್ಟರಿಗೆ ಲಾರಿಗಟ್ಟಲೆ ಎತ್ತುವ ಜ್ಯೂಸಿನವನು. ಎಡಗಡೆ ಮೋರಿ, ಕಿರುಗೇಟು, ತಳ್ಳುಗಾಡಿಯವರು. ಒಂದೋ ಎರಡೋ ಕ್ರೇಟಿಗೆ ಬಂದವರು. ಎರಡು ವರ್ಷದಿಂದ ಎಡಗಡೆಯ ಸವಾಲೆಲ್ಲ ಅವನ ತಲೆಯ ಆಚೆಗೇ ಬಿದ್ದುಹೋಗ್ತಿತ್ತು. ಅಷ್ಟೋ ಇಷ್ಟೋ ದನಿ ಸುತ್ತು ಹಾಕ್ಕೊಂಡು ಬಂದ್ರೂ ಬಲಗಡೆಯಿಂದ ಬಂದ ಹಾಗೇ ಕೇಳ್ತಿತ್ತು, ಒಂದೇ ಕಿವಿಯವನಿಗೆ ಎಲ್ಲ ದನಿಗೂ ಒಂದೇ ದಿಕ್ಕು. ಗಾಡಿಯವನು ಕೂಗಿದ ರೇಟಿಗೆ ಜ್ಯೂಸಿನವನ ಕಡೆ ಬೆರಳು ತೋರಿಸಿ ಮೂರು ಸಲ ಅಂತ ಕೂಗಿ ಮುಗಿಸಿಬಿಟ್ಟಿದ್ದು ಎಷ್ಟು ದಿನವೋ. ಎಡಗಡೆಯವರು ಗೊಣಗ್ತಾರೆ, ಪಿಸುಗುಡ್ತಾರೆ, ಬೇಕಂತಲೇ ದನಿ ತಗ್ಗಿಸಿ ತನ್ನನ್ನ ಪೆಚ್ಚು ಮಾಡ್ತಾರೆ ಅಂತ ಇವನಿಗೆ ಸಿಟ್ಟು. ಇವನು ದೊಡ್ಡವರ ಹತ್ರ ತಿಂತಾನೆ ಅಂತ ಅವರಿಗೆ ಸಿಟ್ಟು. ವಿಚಿತ್ರ ಏನಂದ್ರೆ, ತಿಂತಾನೆ ಅನ್ನೋ ಮಾತು ಹಬ್ಬಿದ ಮೇಲೆ ಅವನಿಗೆ ಮರ್ಯಾದೆ ಜಾಸ್ತಿಯಾಗಿತ್ತು. ಹಮಾಲರು ದಾರಿ ಬಿಡ್ತಿದ್ರು. ಜ್ಯೂಸಿನವನು ಮನೆಗೆ ಹಣ್ಣಿನ ಬುಟ್ಟಿ ಕಳಿಸೋಕೆ ಶುರು ಮಾಡಿದ್ದ, ಹೆಂಡತಿ ಒಳಗಿಟ್ಕೊಂಡಿದ್ದಳು. ಲಂಚಕೋರ ಅಂದ್ರೆ ಹೆದರ್ತಾರೆ. ಕಿವುಡ ಅಂದ್ರೆ? ಹಿಂದೆ ನಿಂತು ನಾಯಿ ಹಾಗೆ ಬೊಗಳಿ, ತಿರುಗ್ತಾನಾ ಅಂತ ನೋಡ್ತಾರೆ. ಹೇಳೋದಿಲ್ಲ ಅಂತ ಅಲ್ಲೇ ಗಟ್ಟಿ ಮಾಡ್ಕೊಂಡ. ಸೊಂಟಕ್ಕೆ ಆಪರೇಷನ್ ಅಂತ ಹೇಳಿ ರಜೆ ಹಾಕೋದು. ಕೂಗೋ ಜಾಗ ಬಿಟ್ಟುಕೊಡೋದಿಲ್ಲ.

ಬಸ್ಸಿನಲ್ಲಿ ಹೆಂಡತಿ ಕಿಟಕಿ ಕಡೆ ಕೂತಳು. ಕೂತ ಮೇಲೆ ಎದ್ದು, "ಈ ಕಡೆ ಬರ್ತೀನಿ, ನೀವು ಸರೀರಿ" ಅಂತ ಅವನ ಬಲಗಡೆಗೆ ಬಂದು ಕೂತಳು. ಅವಳು ಹಾಗೆ ಜಾಗ ಬದಲಾಯಿಸಿದ್ದರಲ್ಲಿ ಒಂದು ಅಭ್ಯಾಸ ಇತ್ತು. ಅವನಿಗೆ ಅನುಮಾನ ಬಂತು. "ನಿನಗೆ ಮೊದಲೇ ಗೊತ್ತಿತ್ತಾ?" ಅವಳು ಚೀಲದ ಹಿಡಿಯನ್ನ ಸುತ್ತುತ್ತಾ ಕೂತಳು. "ಗಡ್ಡೆ ಅಂತ ಗೊತ್ತಿರ್ಲಿಲ್ಲ. ಆ ಕಡೆ ಕೇಳಿಸಲ್ಲ ಅಂತ ಗೊತ್ತಿತ್ತು." "ಯಾವಾಗಿಂದ?" "ಆಯ್ತು ಒಂದು ವರ್ಷ." "ಹೇಳೋದಕ್ಕೇನು ರೋಗ?" ಅವಳು ತರಕಾರಿ ಲೆಕ್ಕ ಹೇಳೋಳ ಹಾಗೆ, ಯಾವ ಏರಿಳಿತವೂ ಇಲ್ಲದೆ ಹೇಳಿದಳು: "ಹೇಳಿದ್ರೆ ಬೈತಿದ್ರಿ. ಆಮೇಲೆ... ಅನುಕೂಲ ಆಗಿತ್ತು ರೀ ನನಗೆ. ನೀವು ಊಟಕ್ಕೆ ಕೂತಾಗ ಎಡಗಡೆ ನಿಂತು ಬಡಿಸ್ತಿದ್ದೆ. ಬಡಿಸ್ತಾ ಮನಸ್ಸಿಗೆ ಬಂದದ್ದೆಲ್ಲ ಮೆಲ್ಲಗೆ ನಿಮಗೆ ಹೇಳಿಬಿಡ್ತಿದ್ದೆ. ಹಗುರ ಆಗ್ತಿತ್ತು."

ಏನು ಹೇಳ್ತಿದ್ದೆ ಅಂತ ಕೇಳಬೇಕು ಅನ್ನಿಸ್ತು. ಅಷ್ಟರಲ್ಲಿ ಬಸ್ಸು ಒಂದು ಗುಂಡಿಗೆ ಇಳಿದು ಹತ್ತಿ ಅವನ ಭುಜ ಅವಳ ಭುಜಕ್ಕೆ ಬಿತ್ತು, ಅವಳು ಸರೀಲಿಲ್ಲ. ಇಷ್ಟು ದಿನ ಇವಳು ನನ್ನ ಹತ್ರ ಮಾತು ಬಿಟ್ಟಿದಾಳೆ ಅಂದ್ಕೊಂಡು, ತಾನೂ ಹಟಕ್ಕೆ ಮಾತು ಬಿಟ್ಟು, ತಟ್ಟೆ ಮುಂದೆ ಗುಮ್ಮನ ಹಾಗೆ ಕೂತಿದ್ದನಲ್ಲ, ಆಗೆಲ್ಲ ಅವಳು ಮಾತಾಡ್ತಾನೇ ಇದ್ದಳು. ತಾನು ಉಣ್ತಾ ಇದ್ದ. ಒಂದು ತುತ್ತಿಗೆ ಒಂದು ಶಾಪ ನುಂಗಿದೀನೋ ಏನೋ. ಎಂಥ ಶಾಪವೋ, ಅಥವಾ ಶಾಪವೇ ಅಲ್ಲವೋ, ಅವಳ ಅಮ್ಮ ತೀರಿಕೊಂಡ ಮೇಲೆ ಅವಳು ಯಾರ ಹತ್ರ ಮಾತಾಡ್ತಾಳೆ ಅಂತ ತಾನು ಯಾವತ್ತಾದ್ರೂ ಯೋಚನೆ ಮಾಡಿದ್ದುಂಟಾ? ಆ ಯೋಚನೆ ಬಂದ ಕೂಡಲೆ ಅದನ್ನ ತಳ್ಳಿಹಾಕಿ ಸಿಟ್ಟನ್ನೇ ಮತ್ತೆ ಎಳ್ಕೊಂಡ, ಚಳಿಗೆ ಹೊದಿಕೆ ಎಳ್ಕೊಂಡ ಹಾಗೆ. "ಇನ್ಮೇಲೆ ಬಲಗಡೆ ನಿಂತು ಬಡಿಸು" ಅಂದ. "ಬಲಗಡೆ ನಿಂತ್ರೆ ಮಾತು ಬರಲ್ಲ" ಅಂದಳು.

ಬೆಳಗ್ಗೆ ಮಂಡಿಗೆ ಬಂದಾಗ ಕಿರುಗೇಟಿನಾಚೆ ತಳ್ಳುಗಾಡಿಗಳು ಸಾಲಾಗಿ ನಿಂತಿದ್ವು, ಒಬ್ಬರೂ ಒಳಗೆ ಬಂದಿರ್ಲಿಲ್ಲ. ಎಲ್ಲರ ಮುಂದೆ ಸೀಬೆಯಮ್ಮ. ಗಾಡಿಯಲ್ಲಿ ಸೀಬೆಹಣ್ಣು ಮಾರೋಳು ಅಂತ ಆ ಹೆಸರು. ಮನೇಲಿ ಅವಳೇ ದುಡಿಯೋಳು ಅಂತ ಎಲ್ಲರಿಗೂ ಗೊತ್ತು. ಹೋದ ತಿಂಗಳು ಅವಳು ಹರಾಜಿನ ನಡುವೆ ನುಗ್ಗಿ ಬಂದು ಇವನ ತೋಳು ಹಿಡಿದು, "ಏನಯ್ಯಾ, ನಾನೇನು ಸತ್ತುಹೋಗಿದೀನಾ ನಿನ್ನ ಪಾಲಿಗೆ?" ಅಂತ ಕೂಗಿದ್ದಳು. ಎಡಗಡೆಯಿಂದ ಬಂದದ್ದು ಗೊತ್ತಾಗದೆ ಬೆಚ್ಚಿಬಿದ್ದು ವಾಲಿ, ಬಾಳೆಗೊನೆ ಮೇಲೆ ಕೂತುಬಿಟ್ಟಿದ್ದ. ಮಂಡಿಗೆ ಮಂಡಿಯೇ ನಕ್ಕಿತ್ತು. ಆ ನಗುವಿಗೆ ಸೇಡಾಗಿ ಮಂಡಿಯ ಸಾಹುಕಾರರಿಗೆ ಹೇಳಿ ಅವಳನ್ನ ಗೇಟಿನ ಒಳಗೆ ಬಿಡದ ಹಾಗೆ ಮಾಡಿದ್ದ. ಅವತ್ತಿಂದ ಅವಳು ಬೇರೆಯವರು ಕೊಂಡ ಹಣ್ಣನ್ನ ಅವರು ಹೇಳಿದ ರೇಟಿಗೆ ತಗೊಂಡು ಮಾರ್ತಿದ್ದಳಂತೆ.

ಸಾಹುಕಾರರು ಅವನನ್ನ ತಕ್ಕಡಿಯ ಹತ್ರ ಕರೆದ್ರು. "ನೋಡಪ್ಪಾ, ಗಾಡಿಯವರು ಒಬ್ಬರೂ ಒಳಗೆ ಬರ್ತಿಲ್ಲ. ನೀನು ಕೂಗಿದ್ರೆ ನಾವು ಕೊಳ್ಳಲ್ಲ ಅಂತ ಕೂತಿದಾರೆ. ಅವರು ಬರ್ಲಿಲ್ಲಾಂದ್ರೆ ಈ ದೊಡ್ಡವರು ರೇಟು ಏರಿಸೋದಿಲ್ಲ. ನೀನು ತಿಂದಿದೀಯೋ ಬಿಟ್ಟಿದೀಯೋ, ನಾನು ಕೇಳೋದಿಲ್ಲ. ಎಲ್ಲರ ಮುಂದೆ ತಪ್ಪಾಯ್ತು ಅಂದುಬಿಡು, ಮುಗೀತು. ಇಲ್ಲಾ ಇವತ್ತಿಂದ ಬೇರೆಯವರು ಕೂಗ್ತಾರೆ." ತಪ್ಪಾಯ್ತು ಅನ್ನೋದು ಏನು ಮಹಾ. ಅಂದು ಮುಗಿಸೋಣ ಅಂತಲೇ ಅವನು ಹೋದದ್ದು. ಬಲಗಡೆಯವರು ಲಾರಿ ಬಾಗಿಲಿಗೆ ಒರಗಿ ಮಜಾ ನೋಡ್ತಿದ್ರು. ಜ್ಯೂಸಿನವನು ಕಣ್ಣು ಹೊಡೆದ. ಸೀಬೆಯಮ್ಮ ಒಳಗೆ ಬಂದು ಎದುರಿಗೇ ನಿಂತಳು. ಕೂಗಾಡ್ತಾಳೆ ಅಂದ್ಕೊಂಡಿದ್ದ, ಅವಳು ಕೂಗಾಡ್ಲಿಲ್ಲ.

"ದುಡ್ಡು ತಿಂದೆ ಅನ್ನು, ನನಗೆ ಹೊಟ್ಟೆ ಉರಿಯಲ್ಲ. ಎಲ್ಲರೂ ತಿಂತಾರೆ" ಅಂದಳು. "ಆದ್ರೆ ನಾನು ಕೂಗಿದಾಗ ನೀನು ನನ್ನ ಮುಖ ನೋಡ್ತಿದ್ದೆ. ನೋಡಿ ಆ ಕಡೆ ತಿರುಗ್ತಿದ್ದೆ. ದಿನಾ. ಮನೆಗೆ ಹೋಗಿ ಯೋಚನೆ ಮಾಡ್ತಿದ್ದೆ, ನಾನು ಇವನಿಗೆ ಏನು ಮಾಡಿದೀನಿ? ನನ್ನ ಮೈ ನಾತವಾ? ನಾನು ಯಾವತ್ತೋ ಏನೋ ಅಂದ್ನಾ? ನನಗೆ ಅದನ್ನ ಹೇಳು ಸಾಕು. ನಾನು ಏನು ಮಾಡಿದೆ?"

ಅವಳು ಮಾಡಿದ್ದು ಏನೂ ಇಲ್ಲ. ಮೋರಿ ಪಕ್ಕ ನಿಂತಿದ್ದಳು, ಅಷ್ಟೆ. ಅವಳು ಪಿಸುಗುಟ್ಟಿ ತನ್ನನ್ನ ಆಡ್ಕೊಳ್ತಾಳೆ ಅಂತ ತಾನು ರಾತ್ರಿ ಹೊರಳಾಡಿದ ಹಾಗೇ ಅವಳೂ ಅಲ್ಲೆಲ್ಲೋ ಹೊರಳಾಡಿದಾಳೆ. ಅವಳ ಕಣ್ಣಿನ ಕೆಳಗಿನ ಕಪ್ಪು ನೋಡಿ ಅವನಿಗೆ ಮರುಕ ಬರ್ಲಿಲ್ಲ, ಅಸಹ್ಯ ಬಂತು, ಕನ್ನಡಿಯಲ್ಲಿ ತನ್ನ ಕೊಳಕು ಹಲ್ಲು ಕಂಡ ಹಾಗೆ. ಆ ಮುಖವನ್ನ ಎದುರಿಂದ ಓಡಿಸಬೇಕು ಅನ್ನೋ ಸಿಟ್ಟಿಗೇ ಬಾಯಿ ತೆರೆದುಬಿಡ್ತು. "ನನಗೆ ಎಡಗಿವಿ ಕೇಳಲ್ಲ. ನೀನು ಆ ಕಡೆ ನಿಂತು ಎದೆ ಬಡ್ಕೊಂಡ್ರೂ ನನಗೆ ಗೊತ್ತಾಗಲ್ಲ. ತಲೇಲಿ ಗಡ್ಡೆ ಇದೆ. ಮುಂದಿನ ವಾರ ಕೊಯ್ತಾರೆ. ಸಾಕಾ?"

ಬಲಗಡೆಯಿಂದ ನಗು ಎದ್ದಿತು. "ಭಲೇ ಗಂಟಲಣ್ಣ, ಸಿಕ್ಕಿಹಾಕ್ಕೊಂಡ್ರೆ ಗಡ್ಡೆ!" "ನನಗೂ ಒಂದು ಕೊಡ್ಸು, ಹೆಂಡ್ತಿ ಮಾತು ಕೇಳೋ ಕಡೆ ಇಟ್ಕೋತೀನಿ." ಸೀಬೆಯಮ್ಮ ನಗ್ಲಿಲ್ಲ. ನಿಧಾನಕ್ಕೆ ಸುತ್ತು ಹಾಕಿ ಅವನ ಎಡಗಡೆಗೆ ಹೋದಳು. ಅವನು ತಿರುಗ್ಲಿಲ್ಲ, ಎದುರಿಗೇ ನೋಡ್ತಾ ನಿಂತ. ಅವಳ ಉಸಿರು ಕತ್ತಿಗೆ ತಾಗಿತು, ಬಿಸಿ, ತುಂಡುತುಂಡು. ಏನೋ ಹೇಳ್ತಿದಾಳೆ, ಬಲಗಿವಿಯಲ್ಲಿ ಲಾರಿ ಇಂಜಿನ್ನಿನ ಸದ್ದು ಬಿಟ್ಟು ಏನೂ ಇಲ್ಲ. ಎದುರಿಗೆ ನಗ್ತಿದ್ದ ಮುಖಗಳು ಒಂದೊಂದಾಗಿ ನಗು ಬಿಟ್ವು. ಜ್ಯೂಸಿನವನು ನೆಲ ನೋಡಿದ. ಸಾಹುಕಾರರು, "ಬೇಡಮ್ಮಾ, ಹಾಗೆಲ್ಲ ಅನ್ನಬಾರದು" ಅಂದ್ರು. ಅಂದ್ರೆ ಎಲ್ಲರಿಗೂ ಕೇಳಿಸಿದೆ. ತುಂಬಿದ ಮಂಡಿಯಲ್ಲಿ ಅವನೊಬ್ಬನಿಗೆ ಬಿಟ್ಟು. ಅವಳು ಮತ್ತೆ ಎದುರಿಗೆ ಬಂದು ಅವನ ಮುಖ ನೋಡಿದಳು, ಬಹಳ ಹೊತ್ತು, ಹಣ್ಣು ಒತ್ತಿ ನೋಡುವವಳ ಹಾಗೆ. "ನಿಜ" ಅಂದಳು, ಯಾರಿಗೋ. ಆಮೇಲೆ ತಲೆ ಮೇಲಿನ ಬಟ್ಟೆ ಸರಿಮಾಡ್ಕೊಂಡು ಬಲಗಡೆಗೆ ಹೋಗಿ, ಜ್ಯೂಸಿನವನನ್ನ ಮೊಣಕೈಯಲ್ಲಿ ತಳ್ಳಿ, ಅವನ ಪಕ್ಕ ಜಾಗ ಮಾಡ್ಕೊಂಡು ನಿಂತಳು. ಹಿಂದೆಯೇ ಉಳಿದ ಗಾಡಿಯವರೂ ಬಂದ್ರು. ಎಡಗಡೆ ಖಾಲಿಯಾಯ್ತು, ಮೋರಿ, ಕೊಳೆತ ಎಲೆ, ಒಂದು ಪೊರಕೆ.

ಹರಾಜು ಶುರುವಾಯ್ತು. ಎಲ್ಲರೂ ಒಳ್ಳೆಯವರಾಗಿಬಿಟ್ಟಿದ್ರು, ಅದು ತಡೆಯೋಕಾಗ್ಲಿಲ್ಲ. ಶಾಲೆ ಮಕ್ಕಳ ಹಾಗೆ ಕೈ ಎತ್ತಿ, ಬಾಯಿ ಅಗಲ ಮಾಡಿ, ಒಂದೊಂದೇ ಅಕ್ಷರ ಬಿಡಿಸಿ ಸವಾಲು ಹೇಳ್ತಿದ್ರು. ನಾ, ನೂ, ರು. ಹಮಾಲನೊಬ್ಬ ಅವನ ಭುಜ ತಟ್ಟಿ ಕ್ರೇಟು ತೋರಿಸಿದ, ಎಂದೂ ಮುಟ್ಟದವನು. ಮೊದಲನೇ ಲಾಟು ಸೀಬೆಹಣ್ಣು. ಸೀಬೆಯಮ್ಮ ನಾನೂರ ಐವತ್ತು ಅಂದಳು, ಎಂದಿನ ಹಾಗೆ ಗಂಟಲು ಹರ್ಕೊಂಡು, ಬೈಯೋ ದನಿಯಲ್ಲಿ. ಜ್ಯೂಸಿನವನು ಕೈ ಎತ್ತೋದನ್ನ ಮರೆತು ಹಳೇ ಅಭ್ಯಾಸದಲ್ಲಿ ಐನೂರು ಅಂದ. ಬಲಗಿವಿಗೆ, ನೇರವಾಗಿ, ತಟ್ಟೆಗೆ ಚಮಚ ಬಡಿದ ಹಾಗೆ ಸ್ಪಷ್ಟವಾಗಿ ಬಂತು ಐನೂರು. ಅವನು ಅದನ್ನ ಕೇಳಿಸ್ಕೊಂಡ. ಕೇಳಿಸ್ಕೊಂಡು, "ನಾನೂರ ಐವತ್ತು ಒಂದು ಸಲ" ಅಂದ. "ಎರಡು ಸಲ." ತನ್ನ ದನಿ ಎಷ್ಟು ಗಟ್ಟಿಯಾಗಿದೆ ಅಂತ ಅವನಿಗೇ ಆಶ್ಚರ್ಯ ಆಯ್ತು. "ಮೂರು ಸಲ. ಸೀಬೆಯಮ್ಮಂಗೆ."

"ಏಯ್, ನಾನು ಐನೂರು ಅಂದೆನಲ್ಲಾ" ಅಂದ ಜ್ಯೂಸಿನವನು. ಹಿಂದಿನಿಂದ ಯಾರೋ ಅವನ ಅಂಗಿ ಎಳೆದ್ರು. "ಬಿಡೋ ಮಾರಾಯಾ, ಪಾಪ, ಕೇಳಿಸಿಲ್ಲ ಅವನಿಗೆ." "ಹೌದಪ್ಪಾ, ಕಾಯಿಲೆ ಮನುಷ್ಯ" ಅಂದ್ರು ಸಾಹುಕಾರರು. ಜ್ಯೂಸಿನವನು ಏನೋ ಗೊಣಗಿ, ಆಮೇಲೆ ಇವನ ಕಡೆ ನೋಡಿ, ಪರವಾಗಿಲ್ಲ ಅನ್ನೋ ಹಾಗೆ ಕೈ ಅಲ್ಲಾಡಿಸಿದ. ಸೀಬೆಯಮ್ಮ ಕ್ರೇಟಿನ ಹತ್ರ ಬಂದು ಬಗ್ಗಿದಳು. ಎತ್ತಲಿಲ್ಲ. ಜ್ಯೂಸಿನವನ ಪಕ್ಕದಲ್ಲೇ ನಿಂತಿದ್ದವಳು ಅವಳು, ತನ್ನ ನಾನೂರ ಐವತ್ತು ಕೇಳಿಸಿದ ಕಿವಿಗೇ ಆ ಐನೂರೂ ಹೋಯ್ತು ಅಂತ ಅವಳಿಗೊಬ್ಬಳಿಗೆ ಗೊತ್ತು. ನೆಟ್ಟಗಾಗಿ ಅವನ ಬಲಗಿವಿಯ ಹತ್ರ ಬಂದು, ಬೇರೆ ಯಾರಿಗೂ ಕೇಳದ ಹಾಗೆ, "ಅವತ್ತು ತಿಂದಿರ್ಲಿಲ್ಲ. ಈಗ ತಿಂತಿದೀಯ" ಅಂದಳು.

ಅವನು ಕೇಳಿಸದವನ ಹಾಗೆ ಮುಖ ತಿರುಗಿಸಿ, ಮುಂದಿನ ಲಾಟು ತನ್ನಿ ಅಂತ ಕೂಗಿದ.